ಟ್ಯಾಂಗ್ ಮೀನಿನ ಮೈಮೇಲೆ ರವೆಯಂಥ ಬಿಳಿ ಚುಕ್ಕೆ. ಹವಳ ಇರುವ ಉಪ್ಪುನೀರಿನ ಟ್ಯಾಂಕ್, ಏನು ಮಾಡಲಿ?

ಹೊಸನಗರ_ಮಳೆ
ಜೂನ್ 14, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರದ ಹತ್ತಿರದ ಹಳ್ಳಿ. ಒಂದೂವರೆ ವರ್ಷದಿಂದ 250 ಲೀಟರಿನ ಉಪ್ಪುನೀರಿನ ಟ್ಯಾಂಕ್ ಸಾಕುತ್ತಿದ್ದೇನೆ. ಮೀನು ಅಂದರೆ ಎರಡು ಕ್ಲೌನ್, ಒಂದು ಗೋಬಿ, ಒಂದು ಹಳದಿ ಬಾಲದ ಡ್ಯಾಮ್ಸೆಲ್. ಜೊತೆಗೆ ಎರಡು ಕ್ಲೀನರ್ ಸಿಗಡಿ, ಏಳೆಂಟು ಬಸವನಹುಳು, ಒಂದಷ್ಟು ಮೆತ್ತನೆಯ ಹವಳ. ಹತ್ತು ದಿನದ ಹಿಂದೆ ಬೆಂಗಳೂರಿನಿಂದ ಪುಟ್ಟ ಬ್ಲೂ ಟ್ಯಾಂಗ್ ಒಂದನ್ನು ತರಿಸಿದೆ. ರಾತ್ರಿ ಬಸ್ಸಿನಲ್ಲಿ ಬಂತು. ಚೀಲ ತೇಲಿಸಿಟ್ಟು, ನೀರು ಹೊಂದಿಸಿ, ನೇರವಾಗಿ ಟ್ಯಾಂಕಿಗೆ ಬಿಟ್ಟೆ.

ಮೊನ್ನೆ ಗಾಳಿ ಮಳೆಗೆ ಎಲ್ಲೋ ಮರ ಬಿದ್ದು 14 ಗಂಟೆ ಕರೆಂಟ್ ಇರಲಿಲ್ಲ. ಏರ್ ಪಂಪ್ ಬ್ಯಾಟರಿಯಲ್ಲಿ ನಡೆಯಿತು. ಹೀಟರ್ ನಡೆಯಲಿಲ್ಲ. ನೀರು 22 ಡಿಗ್ರಿಗೆ ಇಳಿಯಿತು. ಇವತ್ತು ಬೆಳಿಗ್ಗೆ ನೋಡಿದರೆ ಟ್ಯಾಂಗ್ ಮೈಮೇಲೆ ಉಪ್ಪಿಟ್ಟಿನ ರವೆ ಚಿಮುಕಿಸಿದ ಹಾಗೆ ಚುಕ್ಕೆಗಳು. ಬಾಲದ ಹತ್ತಿರ ಎಣಿಸಿದೆ, ಒಂದೇ ಮಗ್ಗುಲಲ್ಲಿ 17 ಇವೆ. ಕಲ್ಲಿಗೆ ಮೈ ಉಜ್ಜುತ್ತಿದೆ. ಡ್ಯಾಮ್ಸೆಲ್ ಮೂಲೆ ಹಿಡಿದು ನಿಂತಿದೆ, ಊಟಕ್ಕೂ ಬಂದಿಲ್ಲ.

ಹವಳಕ್ಕೆ ತೊಂದರೆ ಆಗದ ಔಷಧಿ ಯಾವುದಾದರೂ ಇದೆಯಾ? ದಯವಿಟ್ಟು ಬೇಗ ಹೇಳಿ.


ಭದ್ರಾ_ಮೀನುಮನೆ
ಜೂನ್ 14, ರಾತ್ರಿ 10:15

ಅಕ್ಕಾ, ಗಾಬರಿ ಆಗಬೇಡಿ. ಸಿಹಿನೀರಿನ ಮೀನು ಸಾಕಿ ನನಗೆ 12 ವರ್ಷ ಆಯ್ತು. ಬಿಳಿ ಚುಕ್ಕೆ ಎಷ್ಟೋ ಸಲ ನೋಡಿದ್ದೇನೆ. ಹೀಟರನ್ನು 30 ಡಿಗ್ರಿಗೆ ಏರಿಸಿ, ಕಲ್ಲುಪ್ಪು ಹಾಕಿದರೆ ವಾರದಲ್ಲಿ ಹೋಗುತ್ತದೆ. ನಿಮ್ಮದು ಹೇಗೂ ಉಪ್ಪುನೀರು, ಹಾಗಾಗಿ ಬಿಸಿ ಒಂದೇ ಸಾಕಾಗಬಹುದು. ಬೆಳ್ಳುಳ್ಳಿ ರಸದಲ್ಲಿ ಊಟ ನೆನೆಸಿ ಕೊಡಿ. ಕ್ಲೀನರ್ ಸಿಗಡಿ ಇದೆಯಲ್ಲ, ಅದು ಚುಕ್ಕೆಗಳನ್ನು ಹೆಕ್ಕಿ ತಿನ್ನುತ್ತದೆ ಅಂತ ಓದಿದ ನೆನಪು.


ತೀರ್ಥಹಳ್ಳಿ_ತೋಟ
ಜೂನ್ 14, ರಾತ್ರಿ 11:05

ಭದ್ರಾ ಅಣ್ಣ ಒಳ್ಳೆ ಮನಸ್ಸಿನಿಂದ ಹೇಳಿದ್ದಾರೆ. ಆದರೆ ಸಿಹಿನೀರಿನ ಬಿಳಿ ಚುಕ್ಕೆಯೇ ಬೇರೆ, ಇದೇ ಬೇರೆ. ಎರಡೂ ರೋಮದಿಂದ ಈಜುವ ಒಂದೇ ಕೋಶದ ಜೀವಿಗಳು, ನೋಡಲೂ ಒಂದೇ ಥರ. ಸಿಹಿನೀರಿನದ್ದು ಇಕ್ತಿಯೋಫ್ತಿರಿಯಸ್. ಉಪ್ಪುನೀರಿನದ್ದು ಕ್ರಿಪ್ಟೋಕಾರ್ಯಾನ್ ಇರಿಟಾನ್ಸ್. ಇದು ಬಿಸಿ ಕಡಲಿನಲ್ಲೇ ಹುಟ್ಟಿ ಬೆಳೆದ ಜೀವಿ. 30 ಡಿಗ್ರಿ ಇದಕ್ಕೆ ಹಿತವೇ ಹೊರತು ಹಿಂಸೆ ಅಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಉಸಿರಿಗೆ ಒದ್ದಾಡುವ ಮೀನಿಗೆ ಅದು ಇನ್ನೂ ಕಷ್ಟ.

ಸಿಗಡಿಗೂ ಆಗುವುದಿಲ್ಲ. ಚುಕ್ಕೆ ಚರ್ಮದ ಮೇಲೆ ಕೂತಿಲ್ಲ, ಚರ್ಮದ ಮೇಲ್ಪದರದ ಕೆಳಗೆ ಹೂತುಕೊಂಡಿದೆ. ಸಿಗಡಿಯ ಚಿಮಟ ಅಲ್ಲಿಗೆ ಮುಟ್ಟುವುದಿಲ್ಲ. ಬೆಳ್ಳುಳ್ಳಿ ವಾಸನೆಗೆ ಮೀನು ನಾಲ್ಕು ತುತ್ತು ಜಾಸ್ತಿ ತಿಂದರೆ ಸಂತೋಷ, ರೋಗ ಅದರಿಂದ ಹೋಗುವುದಿಲ್ಲ.

ಅಕ್ಕಾ, ಮೊದಲು ಮೂರು ವಿಷಯ ನೋಡಿ ಹೇಳಿ. ಚುಕ್ಕೆಗಳು ಬಿಡಿಬಿಡಿಯಾಗಿ ರವೆಯ ಹಾಗೇ ಇವೆಯಾ, ಇಲ್ಲಾ ಅರಿಶಿನ ಪುಡಿ ಉದುರಿಸಿದಷ್ಟು ಸಣ್ಣಗಿವೆಯಾ? ಮೀನು ಪಂಪಿನ ಹರಿವಿಗೆ ಮುಖ ಕೊಟ್ಟು ನಿಲ್ಲುತ್ತಿದೆಯಾ? ಕಿವಿರು ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆ? ದೀಪ ಆರಿಸಿ, ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ. ಅರಿಶಿನದ ಪುಡಿಯಂತಿದ್ದರೆ ಅದು ವೆಲ್ವೆಟ್ ಅನ್ನುವ ಬೇರೆ ರೋಗ. ಅದಕ್ಕೆ ನಾಳೆ ಅಂತ ಕಾಯುವ ಹಾಗಿಲ್ಲ. ನನ್ನ ಮನೆಯಲ್ಲಿ ಅದು ಮೂರು ದಿನದಲ್ಲಿ ಏಳು ಮೀನು ತೆಗೆದುಕೊಂಡು ಹೋಗಿದೆ.


ಹೊಸನಗರ_ಮಳೆ
ಜೂನ್ 15, ಸಂಜೆ 6:20

ಅಣ್ಣಾ, ಟಾರ್ಚ್ ಹಿಡಿದು ನೋಡಿದೆ. ರವೆಯ ಥರವೇ ಇತ್ತು. ಆದರೆ ಒಳ್ಳೆ ಸುದ್ದಿ! ಇವತ್ತು ಬೆಳಿಗ್ಗೆ ಟ್ಯಾಂಗ್ ಮೈಮೇಲೆ ಮೂರೇ ಚುಕ್ಕೆ ಉಳಿದಿವೆ. ಊಟಕ್ಕೂ ಬಂತು. ತನ್ನಷ್ಟಕ್ಕೇ ವಾಸಿ ಆಗುತ್ತಿದೆ ಅನ್ನಿಸುತ್ತೆ, ಅಲ್ವಾ? ಡ್ಯಾಮ್ಸೆಲ್ ಮಾತ್ರ ಇನ್ನೂ ಮೂಲೆಯಲ್ಲೇ ಇದೆ.


ತೀರ್ಥಹಳ್ಳಿ_ತೋಟ
ಜೂನ್ 15, ರಾತ್ರಿ 8:40

ಅಕ್ಕಾ, ಬೇಜಾರು ಮಾಡಿಕೊಳ್ಳಬೇಡಿ. ಈ ರೋಗದಲ್ಲಿ ಎಲ್ಲರೂ ಮೋಸ ಹೋಗುವುದು ಇಲ್ಲೇ. ಚುಕ್ಕೆ ಹೋಯ್ತು ಅಂದರೆ ಹುಳ ಸತ್ತಿತು ಅಂತಲ್ಲ. ಹೊಟ್ಟೆ ತುಂಬಿಸಿಕೊಂಡು ಇಳಿದು ಹೋಯ್ತು ಅಂತ.

ನಿಮಗೆ ಕಾಣುವ ಒಂದೊಂದು ಚುಕ್ಕೆಯೂ ಮೀನಿನ ಮೈ ತಿಂದು ಕೊಬ್ಬಿದ ಒಂದೊಂದು ಜೀವಿ. ಮೂರರಿಂದ ಏಳು ದಿನ ಅಲ್ಲಿರುತ್ತದೆ. ಆಮೇಲೆ, ಹೆಚ್ಚಾಗಿ ಕತ್ತಲಲ್ಲಿ, ಮೀನನ್ನು ಬಿಟ್ಟು ಕೆಳಗೆ ಇಳಿಯುತ್ತದೆ. ಮರಳಿನ ಮೇಲೋ ಕಲ್ಲಿನ ಮೇಲೋ ಸ್ವಲ್ಪ ಹೊತ್ತು ತೆವಳಿ, ಒಂದು ಕಡೆ ಅಂಟಿಕೊಂಡು ಗಟ್ಟಿ ಗೂಡು ಕಟ್ಟುತ್ತದೆ. ಗೂಡಿನೊಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಾ ಹೋಗುತ್ತದೆ. ಬೇಗ ಅಂದರೆ ಮೂರು ದಿನ, ಸಾಮಾನ್ಯವಾಗಿ ವಾರ, ತಡವಾದರೆ ನಾಲ್ಕು ವಾರಕ್ಕೂ ಮೇಲೆ. ನೀರು ತಣ್ಣಗಿದ್ದರೆ ಎರಡು ತಿಂಗಳು ದಾಟಿದ್ದೂ ಇದೆ. ಆಮೇಲೆ ಒಂದು ಗೂಡಿನಿಂದ ನೂರಾರು ಮರಿಗಳು ಹೊರಬರುತ್ತವೆ, ಅದೂ ನಸುಕಿನ ಕತ್ತಲಲ್ಲಿ. ಮೀನು ಕಲ್ಲಿನ ಸಂದಿಯಲ್ಲಿ ಅಲುಗಾಡದೆ ಮಲಗಿರುವ ಹೊತ್ತು ಅದು. ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಆ ಮರಿ ಸಾಯುತ್ತದೆ. ಮನೆಯ ಟ್ಯಾಂಕಿನಲ್ಲಿ ಸಿಗದೆ ಎಲ್ಲಿ ಹೋಗುತ್ತದೆ ಹೇಳಿ?

ಹಾಗಾಗಿ ನಿಮ್ಮ ಆ 17 ಚುಕ್ಕೆ ಈಗ ಮರಳಿನಲ್ಲಿವೆ. ಮುಂದಿನ ವಾರ ಬರುವ ಎರಡನೇ ಸುತ್ತು ಕಡುಕಷ್ಟದ್ದು.

ಹವಳದ ಟ್ಯಾಂಕಿಗೇ ಹಾಕಿ ಗುಣ ಮಾಡುವ ಔಷಧಿ ನನ್ನ ಅನುಭವದಲ್ಲಿ ಇಲ್ಲ. ಹುಳ ಮೀನಿನ ಮೈಯಲ್ಲಿ ಹೂತಾಗ ಔಷಧಿ ಅದಕ್ಕೆ ತಾಗುವುದಿಲ್ಲ. ಗೂಡಿನಲ್ಲಿದ್ದಾಗಲೂ ತಾಗುವುದಿಲ್ಲ. ಈಜುವ ಮರಿಗೆ ಮಾತ್ರ ತಾಗುತ್ತದೆ. ಮರಿಯನ್ನು ಕೊಲ್ಲುವಷ್ಟು ಖಾರದ ಔಷಧಿ ಹಾಕಿದರೆ ಸಿಗಡಿ, ಬಸವನಹುಳು, ಹವಳ ಎಲ್ಲವೂ ಸಾಯುತ್ತವೆ. ಯುವಿ ದೀಪ ಅದರೊಳಗೆ ಹಾದುಹೋದ ಮರಿಗಳನ್ನಷ್ಟೇ ಕೊಲ್ಲುತ್ತದೆ.

ಉಳಿಯುವುದು ಒಂದೇ ದಾರಿ. ಎಲ್ಲ ಮೀನನ್ನೂ, ಒಂದೂ ಬಿಡದೆ, ಹೊರಗೆ ತೆಗೆಯಿರಿ. ಚುಕ್ಕೆ ಇಲ್ಲದ ಮೀನನ್ನೂ ತೆಗೆಯಿರಿ, ಅದರ ಕಿವಿರೊಳಗೆ ಇರಬಹುದು. ಮೀನಿಗೆ ಚಿಕಿತ್ಸೆ ಹೊರಗಿನ ತೊಟ್ಟಿಯಲ್ಲಿ. ಟ್ಯಾಂಕಿಗೆ ಚಿಕಿತ್ಸೆ ಅಂದರೆ ಮೀನಿಲ್ಲದೆ ಖಾಲಿ ಬಿಡುವುದು, 76 ದಿನ. ಸಿಗಡಿ, ಹವಳ, ಕಲ್ಲು ಎಲ್ಲವೂ ಒಳಗೇ ಇರಲಿ. ಅವುಗಳ ಮೈಯಲ್ಲಿ ಈ ಹುಳ ಬದುಕುವುದಿಲ್ಲ. ನೀರನ್ನು 27 ಡಿಗ್ರಿಯಲ್ಲಿ ಬಿಡದೆ ಇಟ್ಟರೆ 45 ದಿನ ಸಾಕು ಅನ್ನುವವರೂ ಇದ್ದಾರೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ನಂಬಿ 27 ಡಿಗ್ರಿ ಅಂತ ಲೆಕ್ಕ ಹಾಕಲು ನನಗೆ ಧೈರ್ಯ ಬರುವುದಿಲ್ಲ. 76 ದಿನವೇ ಕಾಯಿರಿ.


ಹೊಸನಗರ_ಮಳೆ
ಜೂನ್ 16, ಬೆಳಿಗ್ಗೆ 7:30

ಡ್ಯಾಮ್ಸೆಲ್ ಹೋಯ್ತು. ನಸುಕಿಗೆ ಎದ್ದು ನೋಡುವಾಗ ಇನ್ನೂ ಕಿವಿರು ಅಲ್ಲಾಡುತ್ತಿತ್ತು, ಆರೂವರೆಗೆ ನಿಂತಿತು. ಮೈಮೇಲೆ ಐದಾರು ಚುಕ್ಕೆ ಮಾತ್ರ. ಬಾಯಿ ಪೂರಾ ತೆರೆದಿತ್ತು.

ಉಳಿದ ನಾಲ್ಕನ್ನು ರಾತ್ರಿಯೇ ಹಿಡಿದೆವು. ನಾನು ಟಾರ್ಚ್ ಹಿಡಿದೆ, ತಮ್ಮ ಕಲ್ಲುಗಳನ್ನು ಒಂದೊಂದಾಗಿ ಎತ್ತಿದ. ಟ್ಯಾಂಗ್ ಎರಡು ಕಲ್ಲಿನ ನಡುವೆ ಅಡ್ಡ ಮಲಗಿ ನಿದ್ದೆ ಮಾಡುತ್ತಿತ್ತು, ಬಟ್ಟಲಲ್ಲಿ ಹಾಗೇ ಎತ್ತಿಕೊಂಡೆ. ಗೋಬಿಗೆ ಎರಡು ಗಂಟೆ ಬೇಕಾಯ್ತು. ಬೆಳಿಗ್ಗೆ ಎಲ್ಲವನ್ನೂ 40 ಲೀಟರಿನ ಹೊಸ ಟಬ್ಬಿಗೆ, ಹೊಸ ಉಪ್ಪುನೀರಿಗೆ ಬಿಟ್ಟಿದ್ದೇನೆ. ಇದು ವೆಲ್ವೆಟ್ ಅಲ್ಲ ಅಂತ ಹೇಗೆ ಖಾತ್ರಿ ಮಾಡಿಕೊಳ್ಳಲಿ?


ಸಾಗರ_ಮೇಷ್ಟ್ರು
ಜೂನ್ 16, ಬೆಳಿಗ್ಗೆ 7:45

ಡ್ಯಾಮ್ಸೆಲನ್ನು ಎಸೆಯಬೇಡಿ. ಫ್ರೀಜರಿಗೂ ಹಾಕಬೇಡಿ. ಅದೇ ಟ್ಯಾಂಕಿನ ನೀರಲ್ಲಿ ಹಾಕಿ, ಈಗಲೇ ತಮ್ಮನ ಕೈಯಲ್ಲಿ ಸಾಗರ ಪೇಟೆಗೆ, ನನ್ನ ಹತ್ತಿರ ಕಳಿಸಿ. ತಡವಾದರೆ ಹುಳಗಳು ಸತ್ತ ಮೀನನ್ನು ಬಿಟ್ಟು ಹೋಗುತ್ತವೆ, ನೋಡಲು ಏನೂ ಸಿಗುವುದಿಲ್ಲ. ನಮ್ಮ ಶಾಲೆಯ ಮೈಕ್ರೋಸ್ಕೋಪ್ ಇದೆ.


ಸಾಗರ_ಮೇಷ್ಟ್ರು
ಜೂನ್ 16, ಮಧ್ಯಾಹ್ನ 1:10

ತಮ್ಮ ಮಳೆಯಲ್ಲಿ ನೆನೆದುಕೊಂಡೇ ಬಂದ, ಸ್ಟೀಲ್ ಡಬ್ಬಿ ಮಾತ್ರ ಜಾಕೆಟ್ಟಿನೊಳಗೆ ಬೆಚ್ಚಗಿತ್ತು. ಅವನಿಗೆ ಕಾಫಿ ಕೊಟ್ಟು ಕೂರಿಸಿ ಕೆಲಸ ಶುರು ಮಾಡಿದೆ.

ಕಿವಿರಿನ ಮುಚ್ಚಳ ಎತ್ತಿ, ಒಳಗಿನ ಕೆಂಪು ಎಳೆಯ ಅಕ್ಕಿಕಾಳಿನಷ್ಟು ಚೂರು ಕತ್ತರಿಸಿದೆ. ಗಾಜಿನ ಮೇಲಿಟ್ಟು ಒಂದು ಹನಿ ಉಪ್ಪುನೀರು ಹಾಕಿ ತೆಳು ಗಾಜು ಮುಚ್ಚಿದೆ. 100 ಪಟ್ಟು ದೊಡ್ಡದು ಮಾಡಿ ನೋಡಿದರೆ, ಕಿವಿರಿನ ಬಾಚಣಿಗೆಯಂಥ ಎಳೆಗಳ ನಡುವೆ ಕಪ್ಪು ಕಂದು ಬಣ್ಣದ ಉಂಡೆಗಳು. ಒಂದೇ ನೋಟದಲ್ಲಿ 11 ಎಣಿಸಿದೆ. ಉಂಡೆಗಳು ಇದ್ದಲ್ಲೇ ನಿಧಾನಕ್ಕೆ ಸುತ್ತುತ್ತಿದ್ದವು. ಅಂಚಿನಲ್ಲಿ ರೋಮ ಮಿಣಮಿಣ ಅನ್ನುತ್ತಿತ್ತು. ಬೆಳಕು ಕಡಿಮೆ ಮಾಡಿ, ಒಂದನ್ನು ಮೆಲ್ಲಗೆ ಒತ್ತಿ ನೋಡಿದಾಗ ಒಳಗೆ ನಾಲ್ಕು ಮಣಿ ಪೋಣಿಸಿದ ಹಾಗೆ ಕೋಶಕೇಂದ್ರ ಕಂಡಿತು. ಸಿಹಿನೀರಿನ ಹುಳದ್ದಾದರೆ ಕುದುರೆ ಲಾಳದ ಆಕಾರ ಇರುತ್ತದೆ. ಇದು ಕ್ರಿಪ್ಟೋಕಾರ್ಯಾನ್.

ವೆಲ್ವೆಟ್ ಇದೆಯಾ ಅಂತ ಇನ್ನೊಂದು ಗಾಜಿನಲ್ಲಿ ನೋಡಿದೆ. ವೆಲ್ವೆಟ್ ತರುವ ಅಮೈಲೂಡಿನಿಯಂ ಬೇರೆಯದೇ ಕುಲ. ಅದು ಬೇರು ಬಿಟ್ಟಂತೆ ಅಂಟಿಕೊಂಡು ಅಲುಗಾಡದೆ ಕೂರುತ್ತದೆ, ಒಳಗೆ ಪಿಷ್ಟದ ಕಣ ತುಂಬಿಕೊಂಡಿರುತ್ತದೆ. ಹಾಗಾಗಿ ಆಲೂಗಡ್ಡೆಗೆ ಅಯೋಡಿನ್ ಹಾಕಿ ಮಕ್ಕಳಿಗೆ ತೋರಿಸುತ್ತೇವಲ್ಲ, ಅದೇ ಅಯೋಡಿನ್ ಒಂದು ಹನಿ ಬಿಟ್ಟೆ. ವೆಲ್ವೆಟ್ ಇದ್ದರೆ ನೀಲಿ ಕಪ್ಪಾಗಬೇಕಿತ್ತು. ಒಂದೂ ಆಗಲಿಲ್ಲ.

ಮೈಮೇಲೆ ಐದಾರೇ ಚುಕ್ಕೆ ಅಂದಿರಿ. ಅದು ಸತ್ತಿದ್ದು ಕಿವಿರಿನಲ್ಲಿದ್ದ ಹುಳಗಳಿಂದ.


ಕೊಪ್ಪ_ಕಾಡು
ಜೂನ್ 16, ಮಧ್ಯಾಹ್ನ 3:00

ಮಾರಾಯ್ರೆ, ತಾಮ್ರ ಹಾಕಿದರೆ ಈ ಹುಳ ಸಾಯುತ್ತದೆ ಅಂತ ಎಲ್ಲ ಕಡೆ ಓದಿದ್ದೇನೆ. ನಮ್ಮ ಮನೆಗಳಲ್ಲಿ ಈಗ ಮೈಲುತುತ್ತ (ಕಾಪರ್ ಸಲ್ಫೇಟ್) ಮೂಟೆಗಟ್ಟಲೆ ಬಿದ್ದಿದೆ, ಅಡಿಕೆಗೆ ಔಷಧಿ ಹೊಡೆಯೋ ಕಾಲ. ಹೊರಗಿನ ಟಬ್ಬಿಗೆ ಅದನ್ನೇ ಒಂದು ಚಿಟಿಕೆ ಹಾಕಿದರೆ ಎಂತ?


ತೀರ್ಥಹಳ್ಳಿ_ತೋಟ
ಜೂನ್ 16, ರಾತ್ರಿ 9:15

ಈ ಪ್ರಶ್ನೆಗೆ ವಿವರವಾಗಿ ಬರೆಯಬೇಕು, ಯಾಕೆಂದರೆ ನಾನು ಪೆಟ್ಟು ತಿಂದವನು.

ಅಡಿಕೆ ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಮತ್ತು ಮೀನಿನ ತಾಮ್ರದ ಔಷಧಿ, ಎರಡರಲ್ಲೂ ಕೆಲಸ ಮಾಡುವುದು ತಾಮ್ರವೇ. ಹಿಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆರೋಗದ ಬಗ್ಗೆ ಕೆಲಸ ಮಾಡಿ 1910ರಲ್ಲಿ ಬರೆದರು. ಅಂಥವರ ದೆಸೆಯಿಂದ ಮೈಲುತುತ್ತ ಮಲೆನಾಡಿನ ಮನೆ ಸಾಮಾನು ಆಯ್ತು. ಆದರೆ ಪ್ರಮಾಣ ನೋಡಿ. ಶೇ 1ರ ಬೋರ್ಡೋ ಅಂದರೆ 100 ಲೀಟರಿಗೆ ಒಂದು ಕೆಜಿ ಮೈಲುತುತ್ತ. ಅದರಲ್ಲಿ ಕಾಲು ಭಾಗ ತಾಮ್ರ. ಲೀಟರಿಗೆ ಸುಮಾರು 2500 ಮಿಲಿಗ್ರಾಂ ಆಯ್ತು. ಮೀನಿನ ತೊಟ್ಟಿಗೆ ಬೇಕಾದ್ದು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. 0.15ಕ್ಕಿಂತ ಇಳಿದರೆ ಮರಿ ಸಾಯುವುದಿಲ್ಲ. 0.25 ದಾಟಿದರೆ ಮೀನಿಗೇ ಕುತ್ತು. ಚಿಟಿಕೆಯಲ್ಲಿ ಅಳೆಯುವ ಮಾತೇ ಅಲ್ಲ ಇದು.

ಲ್ಯಾಬಿಗೆ ಕೊಡುವ ಶುದ್ಧ ಮೈಲುತುತ್ತ 1 ಗ್ರಾಂ ತೂಗಿ, 250 ಮಿಲೀ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿದರೆ, ಆ ದ್ರಾವಣದ ಒಂದು ಮಿಲೀಯಲ್ಲಿ ಹೆಚ್ಚುಕಡಿಮೆ 1 ಮಿಲಿಗ್ರಾಂ ತಾಮ್ರ. 40 ಲೀಟರ್ ತೊಟ್ಟಿಗೆ 8 ಮಿಲೀ, ಅದೂ ಎರಡು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ. ದಿನಾ ತಾಮ್ರದ ಟೆಸ್ಟ್ ಕಿಟ್‌ನಲ್ಲಿ ಅಳೆಯಲೇಬೇಕು, ಎರಡರಿಂದ ಮೂರು ವಾರ. ತೋಟದ ಮೂಟೆಯಲ್ಲಿ ಇನ್ನೇನೇನು ಬೆರಕೆ ಇದೆಯೋ, ಅದು ಬೇಡವೇ ಬೇಡ. ತೊಟ್ಟಿಯಲ್ಲಿ ಕಲ್ಲು, ಹವಳದ ಮರಳು ಇರಬಾರದು. ಸುಣ್ಣದ ಕಲ್ಲು ತಾಮ್ರವನ್ನು ಹೀರಿಕೊಳ್ಳುತ್ತದೆ. ಟೆಸ್ಟ್ ಕಿಟ್ ಇಲ್ಲದವರು ತಾಮ್ರದ ತಂಟೆಗೇ ಹೋಗಬೇಡಿ.

ಅಂಗಡಿಯ ಔಷಧಿಗಳ ಲೆಕ್ಕ ಬೇರೆ. ಕಾಪರ್ ಪವರ್‌ನಂಥ, ಬೇರೆ ವಸ್ತುವಿನ ಜೊತೆ ಕಟ್ಟಿಹಾಕಿದ ತಾಮ್ರಕ್ಕೆ ಲೀಟರಿಗೆ 2.5 ಮಿಲಿಗ್ರಾಂವರೆಗೆ, 30 ದಿನ. ಕ್ಯುಪ್ರಮೈನ್ ಅನ್ನುವ ಔಷಧಿಗೆ 0.5. ಕಾಪರ್ ಪವರ್‌ನ ಅಂಕಿಯನ್ನು ಕ್ಯುಪ್ರಮೈನಿಗೆ ಹಾಕಿದರೆ ಮೀನು ಸಾಯುತ್ತದೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಕಟ್ಟಿಹಾಕುವ ದ್ರಾವಣವನ್ನೂ ತಾಮ್ರದ ಜೊತೆ ಹಾಕಬೇಡಿ, ತಾಮ್ರ ಇನ್ನೂ ವಿಷವಾಗುತ್ತದೆ. ಅಮೋನಿಯಾ ಏರಿದರೆ ನೀರು ಬದಲಿಸಿ, ಬದಲಿಸುವ ನೀರಿಗೂ ಅಷ್ಟೇ ತಾಮ್ರ ಹಾಕಿಕೊಳ್ಳಿ.

ಪೆಟ್ಟಿನ ವಿಷಯ. ಐದಾರು ವರ್ಷದ ಹಿಂದೆ ಮಾಡಿನ ನೀರು ಹಿಡಿದ ಡ್ರಮ್ಮಿನಿಂದ ಟ್ಯಾಂಕಿನ ನೀರು ತುಂಬಿಸಿದೆ. ಮಳೆನೀರು ಚೊಕ್ಕ ಅಂತ ನಂಬಿಕೆ. ಹಿಂದಿನ ದಿನ ಮನೆ ಹಿಂದಿನ ತೋಟಕ್ಕೆ ಔಷಧಿ ಹೊಡೆಸಿದ್ದೆ. ಗಾಳಿಗೆ ಹಾರಿದ ತುಂತುರು ಹಂಚಿನ ಮೇಲೆ ಕೂತಿತ್ತು. ರಾತ್ರಿ ಸಿಗಡಿಗಳು ಬೋರಲಾಗಿ ಬಿದ್ದವು. ಬೆಳಿಗ್ಗೆ ಬಸವನಹುಳುಗಳು ಗಾಜಿನಿಂದ ಕಳಚಿ ಕೆಳಗೆ. ಮೀನಿಗೆ ಮಾತ್ರ ಏನೂ ಆಗಿರಲಿಲ್ಲ. ಸಿಗಡಿ ಸತ್ತು ಮೀನು ಚೆನ್ನಾಗಿದ್ದರೆ ಮೊದಲು ತಾಮ್ರದ ಮೇಲೆ ಅನುಮಾನ ಪಡಿ. ಲೆಕ್ಕ ಹಾಕಿದೆ: ಒಂದು ದೊಡ್ಡ ಚಮಚ ಬೋರ್ಡೋ 250 ಲೀಟರ್ ಟ್ಯಾಂಕಿಗೆ ಬಿದ್ದರೆ ಲೀಟರಿಗೆ 0.15 ಮಿಲಿಗ್ರಾಂ ಆಗುತ್ತದೆ. ಔಷಧಿ ಹೊಡೆಸಿದ ದಿನ ಟ್ಯಾಂಕಿಗೆ ಕೈ ಹಾಕಬೇಡಿ, ಮಕ್ಕಳಿಗೂ ಹೇಳಿ.


ಹೊನ್ನಾವರ_ಅಳಿವೆ
ಜೂನ್ 16, ರಾತ್ರಿ 10:30

ಘಟ್ಟದ ಕೆಳಗಿನವನು ನಾನು, ಸೇರಿಸಬೇಕಾದ್ದು ಒಂದಿದೆ. ತಾಮ್ರ ಬೇಡ ಅನ್ನುವವರಿಗೆ ಉಪ್ಪು ಇಳಿಸುವ ದಾರಿ ಇದೆ. ಮಾಮೂಲಿ 1.025 ಇರುವ ಸಾಂದ್ರತೆಯನ್ನು ಎರಡು ದಿನದಲ್ಲಿ 1.009ಕ್ಕೆ ತಂದು, ನಾಲ್ಕು ವಾರ ಅಲ್ಲೇ ಇಟ್ಟರೆ ಗೂಡುಗಳು ಒಡೆದು ಸಾಯುತ್ತವೆ. ಮೀನು ತಡೆದುಕೊಳ್ಳುತ್ತದೆ. 1.011 ಆದರೆ ಸಾಲದು. ಉಪ್ಪು ಅಳೆಯಲು ತೇಲುವ ಹೈಡ್ರೋಮೀಟರ್ ನಂಬಬೇಡಿ, ರಿಫ್ರಾಕ್ಟೋಮೀಟರ್ ಬೇಕು. ವಾಪಸ್ ಏರಿಸುವಾಗ ಒಂದು ವಾರ ತೆಗೆದುಕೊಳ್ಳಿ. ವೆಲ್ವೆಟಿಗೆ ಇದು ನಡೆಯುವುದಿಲ್ಲ, ಅದು ಇಷ್ಟು ಚಪ್ಪೆ ನೀರಲ್ಲೂ ಬದುಕುತ್ತದೆ.

ಇನ್ನೊಂದು ಮಾತು. ನಿಮ್ಮ ಕಡೆಯಿಂದ ಕ್ಯಾನ್ ತಂದು ಕಡಲ ನೀರು ಒಯ್ಯುವವರು ಜೂನ್‌ನಿಂದ ಅಕ್ಟೋಬರ್‌ವರೆಗೆ ಬರಬೇಡಿ. ಶರಾವತಿ ತುಂಬಿ ಬರುವಾಗ ಅಳಿವೆಯ ಹತ್ತಿರದ ನೀರಿಗೆ ಉಪ್ಪೇ ಇರುವುದಿಲ್ಲ, ಬರೀ ಕೆಂಪು ಕೆಸರು. ಬೇಸಿಗೆಯಲ್ಲಿ ಒಯ್ದ ನೀರನ್ನೂ ಸೋಸಿ, ಕತ್ತಲಲ್ಲಿ ಕೆಲವು ವಾರ ಇಟ್ಟು ಬಳಸಿ.


ಹೊಸನಗರ_ಮಳೆ
ಜೂನ್ 17, ಬೆಳಿಗ್ಗೆ 10:00

ಎಲ್ಲರಿಗೂ ಕೈ ಮುಗಿಯುತ್ತೇನೆ. ಮೇಷ್ಟ್ರೇ, ತಮ್ಮ ನಿಮ್ಮ ಮನೆ ಕಾಫಿ ನೆನೆಸಿಕೊಂಡು ಹೇಳಿದ. ನನ್ನ ಹತ್ತಿರ ತಾಮ್ರದ ಕಿಟ್ ಇಲ್ಲ, ಆರ್ಡರ್ ಮಾಡಿದರೂ ಈ ಮಳೆಯಲ್ಲಿ ವಾರ ಬೇಕು. ರಿಫ್ರಾಕ್ಟೋಮೀಟರ್ ಇದೆ. ಉಪ್ಪು 15 ಕೆಜಿ ಇದೆ. ಟಬ್ ಎರಡಿವೆ. ಇಷ್ಟರಲ್ಲಿ ಏನು ಮಾಡಬಹುದು?


ತೀರ್ಥಹಳ್ಳಿ_ತೋಟ
ಜೂನ್ 17, ಬೆಳಿಗ್ಗೆ 10:40

ಹಾಗಾದರೆ ಔಷಧಿಯೇ ಬೇಡ. ಮೇಷ್ಟ್ರು ವೆಲ್ವೆಟ್ ಇಲ್ಲ ಅಂತ ಹೇಳಿದ್ದರಿಂದ ನಿಮಗೆ ಟಬ್ ಬದಲಿಸುವ ದಾರಿ ಇದೆ.

ಮೀನಿನಿಂದ ಇಳಿದ ಹುಳ ಗೂಡು ಕಟ್ಟಿ ಮರಿ ಮಾಡಲು ಕಡಿಮೆ ಅಂದರೂ ಮೂರು ದಿನ ಬೇಕು ಅಂದೆನಲ್ಲ. ಆ ಮೂರು ದಿನ ಮುಗಿಯುವ ಮೊದಲೇ ಮೀನನ್ನು ಬೇರೆ ಟಬ್ಬಿಗೆ ಸಾಗಿಸುವುದು. ಗೂಡುಗಳು ಹಳೆ ಟಬ್ಬಿನಲ್ಲೇ ಉಳಿಯುತ್ತವೆ. ನಿಮ್ಮ ಮೊದಲ ದಿನ 16. ಇನ್ನು 19, 22, 25, 28ರ ಬೆಳಿಗ್ಗೆ, 72 ಗಂಟೆ ಮೀರದ ಹಾಗೆ ಬದಲಿಸಿ. ಐದು ತೊಟ್ಟಿ ನೀರು, ಒಂದೊಂದಕ್ಕೆ ಒಂದೂವರೆ ಕೆಜಿ ಉಪ್ಪು. ನಿಮ್ಮಲ್ಲಿರುವುದು ಧಾರಾಳ ಸಾಕು. ಹೊಸ ನೀರಿನ ಬಿಸಿ, ಉಪ್ಪು, ಪಿಎಚ್ ಮೂರೂ ಹಳೆಯದಕ್ಕೆ ಹೊಂದಬೇಕು. ಮೀನಿನ ಜೊತೆ ಹಳೆ ನೀರು ಒಂದು ಲೋಟವೂ ಹೋಗಬಾರದು. ಹೀಟರ್, ಗಾಳಿ ಪೈಪ್, ಅಡಗಲು ಇಟ್ಟ ಪಿವಿಸಿ ತುಂಡು ಎಲ್ಲವೂ ಎರಡು ಸೆಟ್ ಇರಲಿ. ಇಲ್ಲಾ ಅಂದರೆ ಗೂಡು ಅವುಗಳ ಮೇಲೆ ಕೂತು ಹಿಂದೆಯೇ ಬರುತ್ತದೆ.

ಎರಡು ಟಬ್ಬಿನ ನಡುವೆ ಹತ್ತು ಅಡಿ ಅಂತರ ಕೊಡಿ. ಗಾಳಿಗುಳ್ಳೆ ಒಡೆದಾಗ ಹಾರುವ ಹನಿಯಲ್ಲೂ ಇಂಥವು ದಾಟುತ್ತವೆ. ವೆಲ್ವೆಟ್ ಹಾಗೆ ದಾಟಿದ್ದನ್ನು ಅಳೆದು ತೋರಿಸಿದ್ದಾರೆ.

ಖಾಲಿಯಾದ ಟಬ್ಬನ್ನು ಬ್ಲೀಚಿಂಗ್ ನೀರಲ್ಲಿ ತೊಳೆದು, ಚೆನ್ನಾಗಿ ಜಾಲಾಡಿ, ಖಡಕ್ ಒಣಗಿಸಬೇಕು. ಈ ದಾರಿಯ ಜೀವವೇ ಆ ಒಣಗಿಸುವುದು.


ಹೊಸನಗರ_ಮಳೆ
ಜೂನ್ 19, ರಾತ್ರಿ 8:00

ಮೊದಲ ಬದಲಾವಣೆ ಬೆಳಿಗ್ಗೆ ಆಯ್ತು, ನಾಲ್ಕೂ ಚೆನ್ನಾಗಿವೆ. ಆದರೆ ಅಣ್ಣಾ, ಒಣಗಿಸುವುದು ಎಲ್ಲಿ? ನಾಲ್ಕು ದಿನದಿಂದ ಬಿಸಿಲು ಕಂಡಿಲ್ಲ. ಗೋಡೆಯೇ ಬೆವರುತ್ತಿದೆ. ಮೊನ್ನೆ ಒಗೆದ ಟವೆಲ್ ಇನ್ನೂ ಹಸಿ. ಜಗಲಿಯಲ್ಲಿ ಕವುಚಿಟ್ಟ ಟಬ್ ಮಧ್ಯಾಹ್ನ ಮುಟ್ಟಿ ನೋಡಿದರೆ ತೊಳೆದಾಗಿನಷ್ಟೇ ತೇವ.


ತೀರ್ಥಹಳ್ಳಿ_ತೋಟ
ಜೂನ್ 19, ರಾತ್ರಿ 8:25

ನಿಮ್ಮ ಮನೆ ಬಚ್ಚಲಲ್ಲಿ ಹಂಡೆ ಒಲೆ ಇದೆಯಾ? ನಾನು ಮಾಡುವುದು ಹಾಗೆ. ನೀರು ಕಾಯಿಸಿದ ಮೇಲೆ ಕೆಂಡ ಇರುವಾಗಲೇ ಒಲೆಯ ಬಾಯಿಂದ ಎರಡು ಮೊಳ ದೂರ ಟಬ್ಬನ್ನು ಬೋರಲು ಆನಿಸಿಡಿ. ಪ್ಲಾಸ್ಟಿಕ್, ಹತ್ತಿರ ಬೇಡ. ಮೊದಲು ಒಣ ಬಟ್ಟೆಯಲ್ಲಿ ಮೂಲೆ ಮೂಲೆ ಒರೆಸಿ. ಗಾಳಿ ಪೈಪಿನ ಒಳಗೆ ನೀರು ನಿಂತಿರುತ್ತದೆ, ಅದನ್ನು ಮರೆಯುತ್ತಾರೆ ಎಲ್ಲರೂ. ಪೈಪ್ ಹೊಸದೇ ಹಾಕಿ, ಮೀಟರಿಗೆ ಹತ್ತಿಪ್ಪತ್ತು ರೂಪಾಯಿಯ ವಸ್ತು.


ಶೃಂಗೇರಿ_ಹೊಳೆ
ಜೂನ್ 21, ಸಂಜೆ 5:15

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಕ್ಲೌನಿಗೆ ಚುಕ್ಕೆ ಇಲ್ಲ. ಮೈಯಿಂದ ಬಿಳಿ ಲೋಳೆ ಪದರ ಪದರವಾಗಿ ಏಳುತ್ತಿದೆ. ತಂದು ನಾಲ್ಕು ದಿನ ಆಯ್ತು, ಕಡಲಿನಲ್ಲಿ ಹಿಡಿದ ಮೀನು ಅಂದಿದ್ದರು. ಇದಕ್ಕೂ ಟಬ್ ಬದಲಿಸಲಾ?


ತೀರ್ಥಹಳ್ಳಿ_ತೋಟ
ಜೂನ್ 21, ಸಂಜೆ 5:30

ಇದು ಬ್ರೂಕ್ಲಿನೆಲ್ಲಾ ಇರಬೇಕು, ಕ್ಲೌನುಗಳಿಗೆ ಜಾಸ್ತಿ ಬರುತ್ತದೆ. ಮೀನಿನ ಮೇಲೇ ಒಂದು ಎರಡಾಗುವ ಹುಳ, ಗೂಡು ಕಟ್ಟುವುದಿಲ್ಲ. ಟಬ್ ಬದಲಿಸಿ ಉಪಯೋಗ ಇಲ್ಲ, ತಾಮ್ರಕ್ಕೂ ಬಗ್ಗುವುದಿಲ್ಲ. ಈಗಲೇ ಸಿಹಿನೀರಿನ ಸ್ನಾನ ಮಾಡಿಸಿ: ಆರ್‌ಒ ನೀರು, ಟ್ಯಾಂಕಿನಷ್ಟೇ ಬಿಸಿ, ಗಾಳಿ ಆಡಿಸಿ, ಐದು ನಿಮಿಷ. ನಮ್ಮ ಮಲೆನಾಡಿನ ನೀರು ಮೆದು, ಪಿಎಚ್ ಕಡಿಮೆ. ಅಡುಗೆ ಸೋಡಾ ಚಿಟಿಕೆ ಚಿಟಿಕೆ ಹಾಕಿ 8.2ಕ್ಕೆ ತಂದು ಆಮೇಲೆ ಮೀನು ಬಿಡಿ. ಒದ್ದಾಡಿ ಮಗುಚಿದರೆ ತಕ್ಷಣ ವಾಪಸ್. ಇದು ಉಸಿರಾಡಲು ಸ್ವಲ್ಪ ಹೊತ್ತು ಕೊಡುತ್ತದೆ, ಅಷ್ಟೇ. ನಿಜವಾದ ಮದ್ದು ಫಾರ್ಮಲಿನ್ ಸ್ನಾನ. ಅದು ಕಣ್ಣಿಗೆ, ಶ್ವಾಸಕ್ಕೆ, ಜೀವಕ್ಕೆ ಅಪಾಯದ ವಸ್ತು. ತಳದಲ್ಲಿ ಬಿಳಿ ಗಸಿ ಇದ್ದ ಬಾಟಲಿ ಮುಟ್ಟಲೇಬೇಡಿ. ಅಂದಾಜಿನಲ್ಲಿ ಮಾಡದೆ ಗೊತ್ತಿದ್ದವರನ್ನು ಕೇಳಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ.

ಮುಂದೆ ಕ್ಲೌನ್ ತರುವಾಗ ಮರಿಕೇಂದ್ರದಲ್ಲಿ ಹುಟ್ಟಿದ್ದನ್ನೇ ಕೇಳಿ. ಮಂಡಪಂ, ವಿಳಿಂಜಂಗಳಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಮರಿ ಮಾಡಿಸುವುದನ್ನು ಎಂದೋ ಸಾಧಿಸಿದೆ. ಕಡಲಿನಿಂದ ಹಿಡಿದದ್ದೇ ಬೇಕು ಅಂತೇನಿಲ್ಲ.


ಹೊಸನಗರ_ಮಳೆ
ಜೂನ್ 28, ಬೆಳಿಗ್ಗೆ 11:20

ಕೊನೆಯ ಬದಲಾವಣೆ ಮುಗಿಯಿತು. 22ರಂದು ಟ್ಯಾಂಗ್ ಮೈಮೇಲೆ ಎರಡು ಚುಕ್ಕೆ ಇತ್ತು, 25ಕ್ಕೆ ಇಲ್ಲ, ಇವತ್ತೂ ಇಲ್ಲ. ಕಿವಿರಿನ ಬಡಿತ ಎಣಿಸಿ ಬರೆದಿಟ್ಟಿದ್ದೇನೆ, ಬರಬರುತ್ತಾ ಕಡಿಮೆ ಆಗಿದೆ. ಟಬ್ಬುಗಳು ಹೊಗೆ ವಾಸನೆ ಹಿಡಿದಿದ್ದವು ಅಂತ ಇನ್ನೊಮ್ಮೆ ತೊಳೆದು ಒಣಗಿಸಿದೆ. ಅಮ್ಮ ದಿನಾ ಸಂಜೆ ಹಂಡೆಗೆ ಬೆಂಕಿ ಹಾಕುವಾಗ "ನಿನ್ನ ಮೀನಿನ ಟಬ್ ತಾ" ಅಂತ ಅವರೇ ಕೂಗುತ್ತಾರೆ.

ದೊಡ್ಡ ಟ್ಯಾಂಕಿನಲ್ಲಿ ಈಗ ಸಿಗಡಿ, ಹವಳ ಮಾತ್ರ. ಅವಕ್ಕೆ ಚೂರು ಊಟ ಹಾಕುತ್ತಿದ್ದೇನೆ. ಮೀನು ಇರುವ ಟಬ್ಬಿಗೆ ದೊಡ್ಡ ಟ್ಯಾಂಕಿನ ಫಿಲ್ಟರ್ ಸ್ಪಂಜ್ ಹಾಕಬಹುದಾ?


ಸಾಗರ_ಮೇಷ್ಟ್ರು
ಜೂನ್ 28, ಮಧ್ಯಾಹ್ನ 12:05

ಬೇಡಮ್ಮ! ಆ ಸ್ಪಂಜಿನಲ್ಲೇ ಗೂಡುಗಳಿರುತ್ತವೆ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬಾಟಲಿಯಲ್ಲಿ ಸಿಗುತ್ತದೆ, ಅದನ್ನು ಹಾಕಿ, ಹೊಸ ಸ್ಪಂಜ್ ಇಡಿ, ಅಮೋನಿಯಾ ದಿನಾ ನೋಡಿ. ನೆಟ್ ಕೂಡ ಬೇರೆ ಬೇರೆ ಇರಲಿ. ಟ್ಯಾಂಕಿಗೆ ಅದ್ದಿದ ಕೈ ಸೋಪು ಹಾಕಿ ತೊಳೆದು, ಒರೆಸಿ, ಆಮೇಲೆ ಟಬ್ಬಿಗೆ ಹಾಕಿ.


ಭದ್ರಾ_ಮೀನುಮನೆ
ಜೂನ್ 28, ಮಧ್ಯಾಹ್ನ 2:40

ನಾನು ಮೊದಲು ಹೇಳಿದ ಸಲಹೆ ತಪ್ಪಾಗಿತ್ತು. ತೋಟದಣ್ಣ ತಿದ್ದಿದ್ದಕ್ಕೆ ಥ್ಯಾಂಕ್ಸ್. ಒಂದು ವಿಷಯ ಹೇಳಬೇಕು ಅಕ್ಕಾ, ಬ್ಲೂ ಟ್ಯಾಂಗ್ ಒಂದಡಿವರೆಗೂ ಬೆಳೆಯುತ್ತದೆ. 250 ಲೀಟರ್ ಅದಕ್ಕೆ ಮುಂದೆ ಸಾಕಾಗುವುದಿಲ್ಲ.


ಹೊಸನಗರ_ಮಳೆ
ಜೂನ್ 28, ಸಂಜೆ 4:00

ತರುವ ಮೊದಲು ಇದನ್ನು ಕೇಳಬೇಕಿತ್ತು ಅಣ್ಣಾ. ಶಿವಮೊಗ್ಗದಲ್ಲಿ ಒಬ್ಬರ ಹತ್ತಿರ ಆರು ಅಡಿ ಟ್ಯಾಂಕ್ ಇದೆ. ಮಾತಾಡಿಟ್ಟಿದ್ದೇನೆ, ದೊಡ್ಡದಾದ ಮೇಲೆ ಅವರಿಗೆ ಕೊಡುತ್ತೇನೆ.


ಹೊಸನಗರ_ಮಳೆ
ಆಗಸ್ಟ್ 31, ರಾತ್ರಿ 8:30

76 ದಿನ ಇವತ್ತಿಗೆ ಆಯ್ತು. ನಡುವೆ ಮೂರು ಸಲ ಕರೆಂಟ್ ದಿನಗಟ್ಟಲೆ ಹೋಯ್ತು, ನೀರು ಮತ್ತೆ 22ಕ್ಕೆ ಇಳಿದಿತ್ತು. 45 ದಿನಕ್ಕೆ ಮೀನು ಬಿಡುವ ಆಸೆ ಬಹಳ ಆಗಿತ್ತು, ತಡೆದುಕೊಂಡೆ. ಇವತ್ತು ಬೆಳಿಗ್ಗೆ ನಾಲ್ಕನ್ನೂ ವಾಪಸ್ ಬಿಟ್ಟೆ. ಕ್ಲೌನುಗಳು ಒಂದು ಗಂಟೆ ಪಂಪಿನ ಹಿಂದೆ ಅಡಗಿದ್ದವು. ಗೋಬಿ ಬಂದವನೇ ಮರಳು ಬಾಯಿಗೆ ತುಂಬಿಕೊಂಡು ಕಿವಿರಿನಿಂದ ಉಗಿಯಲು ಶುರು ಮಾಡಿದ. ಟ್ಯಾಂಗ್ ಒಂದು ಸುತ್ತು ಹೊಡೆದು, ಜೂನ್‌ನಲ್ಲಿ ನಾನು ಎತ್ತಿಕೊಂಡಿದ್ದ ಅದೇ ಎರಡು ಕಲ್ಲಿನ ಸಂದಿಗೆ ಹೋಗಿ ಅಡ್ಡ ಮಲಗಿತು.

ಒಂದು ಪ್ರಶ್ನೆ ಉಳಿದಿದೆ. ಶಿವಮೊಗ್ಗದವರು ಹತ್ತು ಬಸವನಹುಳು ಕೊಡುತ್ತೇನೆ ಅಂದಿದ್ದಾರೆ. ಅವಕ್ಕೆ ರೋಗ ಬರುವುದಿಲ್ಲವಲ್ಲ, ನೇರ ಹಾಕಬಹುದಾ?


ತೀರ್ಥಹಳ್ಳಿ_ತೋಟ
ಆಗಸ್ಟ್ 31, ರಾತ್ರಿ 8:50

ಬಹಳ ಖುಷಿ ಆಯ್ತು ಅಕ್ಕಾ.

ಬಸವನಹುಳುವಿಗೆ ರೋಗ ಬರುವುದಿಲ್ಲ, ಆದರೆ ಅದರ ಚಿಪ್ಪಿನ ಮೇಲೆ ಗೂಡು ಅಂಟಿರಬಹುದು. ಹವಳದ ಬುಡದ ಕಲ್ಲಿಗೂ ಇದೇ ಮಾತು. ಮೀನಿಲ್ಲದ ಟಬ್ಬಿನಲ್ಲಿ ಬೇರೆ ಇಡಿ, ಅಷ್ಟೇ ದಿನ. ಇವತ್ತೇ ಹಾಕಿದರೆ ನವೆಂಬರ್ 15ಕ್ಕೆ ಆಗುತ್ತದೆ.


ಹೊಸನಗರ_ಮಳೆ
ಆಗಸ್ಟ್ 31, ರಾತ್ರಿ 9:05

ಸರಿ ಅಣ್ಣಾ. ಟಬ್ ಬಚ್ಚಲಲ್ಲೇ ಇದೆ, ನಾಳೆ ನೀರು ತುಂಬಿಸುತ್ತೇನೆ.